ಫೈರ್ ರೇಟೆಡ್ ಡೌನ್‌ಲೈಟ್: 30, 60, 90 ನಿಮಿಷ ಅಂದರೆ ಏನು, ಯಾವುದು ತಗೊಳ್ಳಲಿ?

ಜಂತೆಮನೆ:

ಮನೆ ರಿಪೇರಿ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಎರಡು ಅಂತಸ್ತಿನ ಮನೆ. ನಡುವಿನ ಮಹಡಿ ಕಾಂಕ್ರೀಟ್ ಅಲ್ಲ, ಮರದ ಜಂತೆ ಮೇಲೆ ಹಲಗೆ, ಕೆಳಗಡೆಯಿಂದ ಜಿಪ್ಸಂ ಬೋರ್ಡ್ ಸೀಲಿಂಗ್. ಹಿಂದಿನ ಅಡುಗೆಮನೆ ಭಾಗ ಮಾತ್ರ ಆಮೇಲೆ ಸೇರಿಸಿ ಕಟ್ಟಿದ್ದು, ಅದರ ಮೇಲೂ ಒಂದು ಕೋಣೆ ಇದೆ. ಈಗ ಎಲ್ಲಾ ಕಡೆ ಹಳೆಯ ಟ್ಯೂಬ್‌ಲೈಟ್ ತೆಗೆದು, ಸೀಲಿಂಗ್ ಒಳಗೆ ಕೂರುವ ಡೌನ್‌ಲೈಟ್ ಹಾಕಿಸೋಣ ಅಂತ. ಹಾಲ್‌ಗೆ 8, ಅಡುಗೆಮನೆಗೆ 6, ಕೆಳಗಿನ ಬಾತ್‌ರೂಮಿಗೆ 2, ಮೇಲಿನ ಕೋಣೆಗಳಿಗೆ 6. ಒಟ್ಟು 22.

ಎಲೆಕ್ಟ್ರಿಷಿಯನ್ "ಫೈರ್ ರೇಟೆಡ್ ತಗೊಂಡುಬಿಡಿ" ಅಂದು ಹೋದರು. ಹುಡುಕಿದರೆ ಒಂದರ ಮೇಲೆ 30 ನಿಮಿಷ, ಇನ್ನೊಂದರ ಮೇಲೆ 60, ಮತ್ತೊಂದು ಡಬ್ಬಿ ಮೇಲೆ "30/60/90" ಅಂತ ಮೂರೂ ಒಟ್ಟಿಗೆ. ಒಂದೇ ಲೈಟು ಮೂರು ಥರ ಹೇಗೆ ಆಗುತ್ತದೆ? ಅದೂ ಅಲ್ಲದೆ ಇವೆಲ್ಲ ಎಲ್‌ಇಡಿ. ಕೈಯಿಟ್ಟರೂ ಬೆಚ್ಚಗೆ ಅನ್ನಿಸುವಷ್ಟು ಅಷ್ಟೇ. ಬೆಂಕಿ ಎಲ್ಲಿಂದ ಬರಬೇಕು? ಸುಮ್ನೆ ಮಾರಾಟದ ಮಾತೋ, ನಿಜವಾಗಿ ಬೇಕೋ? ಬೇಕಾದರೆ 22ಕ್ಕೆ 22 ಬೇಕಾ? ಮನಸ್ಸಿಗೆ ಸಮಾಧಾನ ಇರಲಿ ಅಂತ ಎಲ್ಲಾ 90 ನಿಮಿಷದ್ದೇ ತಗೊಂಡರೆ ಮುಗೀತಾ?

ತಂತಿಮಾವ:

ಮೊದಲು ಆ "ಎಲ್‌ಇಡಿ ಬಿಸಿಯಾಗಲ್ಲ" ಅನ್ನೋದನ್ನ ಪಕ್ಕಕ್ಕಿಡಿ. ಫೈರ್ ರೇಟೆಡ್ ಅಂದರೆ ಲೈಟಿಗೆ ಬೆಂಕಿ ಹತ್ತೋದಿಲ್ಲ ಅಂತ ಅರ್ಥ ಅಲ್ಲ. ಬಹಳ ಜನ ಹಾಗೇ ತಿಳಿದಿದ್ದಾರೆ, ಮಾರುವವರೂ ಸೇರಿ.

ವಿಷಯ ಇರುವುದು ತೂತಿನಲ್ಲಿ. ನಿಮ್ಮ ಜಿಪ್ಸಂ ಸೀಲಿಂಗ್ ಬರೀ ಅಂದಕ್ಕೆ ಇರುವುದಲ್ಲ, ಕೆಳಗಿನ ಕೋಣೆಯಲ್ಲಿ ಬೆಂಕಿ ಬಿದ್ದರೆ ಅದು ಜಂತೆಗೆ ತಗುಲದ ಹಾಗೆ ಒಂದಷ್ಟು ಹೊತ್ತು ತಡೆಯುವ ಗುರಾಣಿ ಅದೇ. ಜಿಪ್ಸಂ ಒಳಗೆ ತೂಕದ ಸುಮಾರು ಐದನೇ ಒಂದು ಭಾಗ ನೀರು ಹರಳಾಗಿ ಕೂತಿರುತ್ತದೆ. ಬಿಸಿ ಹತ್ತಿದಾಗ ಆ ನೀರು ಆವಿಯಾಗಿ ಹೋಗಬೇಕು, ಅದು ಹೋಗುವ ತನಕ ಬೋರ್ಡಿನ ಮೇಲುಗಡೆ ಅಷ್ಟಾಗಿ ಬಿಸಿ ಏರುವುದಿಲ್ಲ. ಚಂದದ ವ್ಯವಸ್ಥೆ. ಅದಕ್ಕೆ ನೀವು ಈಗ 16 ತೂತು ಕೊರೆಯಲು ಹೊರಟಿದ್ದೀರಿ. (ಮೇಲಿನ 6 ಬೇರೆ ಲೆಕ್ಕ, ಹೇಳ್ತೀನಿ.) ಕೊಡೆ ಚೆನ್ನಾಗಿದೆ, ಬಟ್ಟೆಯೂ ಗಟ್ಟಿ, ಆದರೆ 16 ಕಡೆ ತೂತು ಇದೆ ಅಂದರೆ ಮಳೆಯಲ್ಲಿ ಏನು ಪ್ರಯೋಜನ?

ಮಾಮೂಲಿ ಲೈಟಿನ ಬಾಡಿ ಅಲ್ಯೂಮಿನಿಯಂ ಇಲ್ಲಾ ಪ್ಲಾಸ್ಟಿಕ್. ಜೋರು ಬೆಂಕಿಯಲ್ಲಿ ಕರಗಿ ಕೆಳಗೆ ಬೀಳುತ್ತದೆ, ತೂತು ತೆರೆದುಕೊಳ್ಳುತ್ತದೆ, ಜ್ವಾಲೆ ನೇರ ಜಂತೆಗೆ. ಫೈರ್ ರೇಟೆಡ್‌ನಲ್ಲಿ ಎರಡು ಬಗೆ. ಒಂದು ಪೂರ್ತಿ ಮುಚ್ಚಿದ ಸ್ಟೀಲ್ ಡಬ್ಬಿ. ಇನ್ನೊಂದು ಗಿಡ್ಡ ಬಾಡಿ, ಸುತ್ತ ಒಂದು ಕಪ್ಪು ಪಟ್ಟಿ ಇರುತ್ತದೆ, ಇಂಟ್ಯುಮೆಸೆಂಟ್ ಅಂತಾರೆ, ಗ್ರಾಫೈಟ್ ಇರುವಂಥದ್ದು ಸುಮಾರು 200 ಡಿಗ್ರಿ ಬಿಸಿಗೆ ಹಪ್ಪಳದ ಥರ ಉಬ್ಬಿ ಸಂದಿಯನ್ನು ತುಂಬಿಬಿಡುತ್ತದೆ. ಲೈಟು ಸತ್ತು ಹೋಗುತ್ತದೆ, ಆದರೆ ತೂತು ಮುಚ್ಚಿರುತ್ತದೆ. ಅದರ ಕೆಲಸ ಅಷ್ಟೇ.

ಹಾಗಾಗಿ ಯಾವ ಲೈಟ್ ಅನ್ನೋದು ಎರಡನೇ ಪ್ರಶ್ನೆ. ಮೊದಲನೇದು ನಿಮ್ಮ ಸೀಲಿಂಗ್ ಎಂಥದ್ದು. ಬೋರ್ಡ್ ಎಷ್ಟು ದಪ್ಪ, ಒಂದು ಪದರವೋ ಎರಡೋ, ಜಂತೆ ಯಾವ ಥರದ್ದು, ಎಷ್ಟು ಅಂತರಕ್ಕೆ ಒಂದಿದೆ? ಅದನ್ನ ಹೇಳಿ, ಆಮೇಲೆ ಮುಂದೆ ಹೋಗೋಣ.

ಅರ್ಧಇಂಜಿನಿಯರ್:

ತಂತಿಮಾವ ಹೇಳಿದ್ದಕ್ಕೆ ಒಂದಿಷ್ಟು ಸೇರಿಸ್ತೀನಿ. "30/60/90" ಒಗಟಿಗೆ ಉತ್ತರ ಇದು: ಆ ನಿಮಿಷಗಳು ಲೈಟಿನವಲ್ಲ, ಸೀಲಿಂಗಿನವು. ಪರೀಕ್ಷೆ ಮಾಡುವಾಗ ಲೈಟನ್ನು ಒಂಟಿಯಾಗಿ ಕುಲುಮೆಗೆ ಹಾಕುವುದಿಲ್ಲ. ಜಂತೆ, ಬೋರ್ಡ್, ಮೇಲೆ ಹಲಗೆ, ಅದರ ಮೇಲೆ ಭಾರ, ಹೀಗೆ ಒಂದು ಇಡೀ ಮಹಡಿಯನ್ನೇ ಕಟ್ಟಿ, ಅದಕ್ಕೆ ಲೈಟ್ ಕೂರಿಸಿ, ಕೆಳಗಿನಿಂದ ಕಾಯಿಸುತ್ತಾರೆ. 30 ನಿಮಿಷ ತಡೆಯುವ ಸೀಲಿಂಗಿಗೆ ಲೈಟ್ ಹಾಕಿದ ಮೇಲೂ ಅದು 30 ನಿಮಿಷ ನಿಂತಿತಾ? ಎರಡು ಪದರ ಬೋರ್ಡ್ ಹಾಕಿದ 60ರ ಸೀಲಿಂಗ್ 60 ನಿಂತಿತಾ? ಮೂರು ಬೇರೆ ಬೇರೆ ಸೀಲಿಂಗಲ್ಲಿ ಪಾಸಾದರೆ ಡಬ್ಬಿ ಮೇಲೆ 30/60/90. ಅಂದರೆ ನಿಮ್ಮ ಸೀಲಿಂಗೇ 30 ನಿಮಿಷದ್ದಾಗಿದ್ದರೆ, 90ರ ಲೈಟ್ ಹಾಕಿದ ಮಾತ್ರಕ್ಕೆ ಅದು 90 ಆಗುವುದಿಲ್ಲ. ಸಮಾಧಾನ ದುಡ್ಡು ಕೊಟ್ಟು ತಂದ ಹಾಗಾಯ್ತು ಅಷ್ಟೇ.

ಇನ್ನೂ ಒಂದು ಕಡೆ ಜನ ಎಡವುತ್ತಾರೆ. ಬರೀ 90 ನಿಮಿಷದ ಪರೀಕ್ಷೆ ಮಾತ್ರ ಮಾಡಿಸಿದ ಲೈಟು 30ರ ಸೀಲಿಂಗಿಗೆ ತಾನಾಗಿಯೇ ಸಲ್ಲುತ್ತದೆ ಅಂತಿಲ್ಲ. ಕೇಳಲು ವಿಚಿತ್ರ, ಆದರೆ ಯೋಚಿಸಿ. 90ರ ಪರೀಕ್ಷೆಯಲ್ಲಿ ಎರಡು ಮೂರು ಪದರ ದಪ್ಪ ಬೋರ್ಡ್ ಇರುತ್ತದೆ, ಉಬ್ಬುವ ಪಟ್ಟಿಗೆ ಹಿಡಿದುಕೊಳ್ಳಲು ದಪ್ಪ ಅಂಚು ಸಿಗುತ್ತದೆ. ಒಂದೇ ಪದರದ ತೆಳು ಬೋರ್ಡಲ್ಲಿ ಅದೇ ಪಟ್ಟಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಬೇರೆ ಪರೀಕ್ಷೆ.

ಕುಲುಮೆಯ ಬಿಸಿ ಎಷ್ಟು ಅಂತ ಅಂದಾಜು ಬೇಕಾದರೆ, ಐಎಸ್ಒ 834 ರೇಖೆ (ಬೆಂಕಿ ಪರೀಕ್ಷೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಬಿಸಿ ಅನ್ನುವ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ 5 ನಿಮಿಷಕ್ಕೇ 576 ಡಿಗ್ರಿ, 10ಕ್ಕೆ 678, 30ಕ್ಕೆ 842, 60ಕ್ಕೆ 945, 90ಕ್ಕೆ 1006. ಅಲ್ಯೂಮಿನಿಯಂ ಕರಗುವುದು 660ಕ್ಕೆ. ಹತ್ತು ನಿಮಿಷದೊಳಗೇ ಕುಲುಮೆ ಅದನ್ನು ದಾಟಿರುತ್ತದೆ. ತಂತಿಮಾವ "ಕರಗಿ ಬೀಳುತ್ತದೆ" ಅಂದದ್ದು ಉತ್ಪ್ರೇಕ್ಷೆ ಅಲ್ಲ.

ಈಗ ಜಂತೆ. ಗಟ್ಟಿ ಮರದ್ದು, ಅಂದರೆ ಒಂದೇ ಇಡೀ ತುಂಡಿನದ್ದಾಗಿದ್ದರೆ ಬಚಾವ್. ಮೆದು ಜಾತಿಯ ಮರವಾದರೂ ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಇದ್ದಿಲಾಗುತ್ತಾ ಹೋಗುತ್ತದೆ, ಅರ್ಧ ಗಂಟೆಗೆ ಒಂದು ಬದಿಯಿಂದ 20 ಮಿಮೀ ಹೋದರೂ ಒಳಗೆ ತಿರುಳು ಉಳಿದಿರುತ್ತದೆ. ಆದರೆ ಹೊಸ ಥರದ ಐ-ಜಾಯಿಸ್ಟ್ ಇದೆಯಲ್ಲ, ಮೇಲೆ ಕೆಳಗೆ ಮರದ ಪಟ್ಟಿ, ನಡುವೆ 10 ಮಿಮೀ ಆಸುಪಾಸಿನ ತೆಳು ಹಲಗೆ, ಅದಕ್ಕೆ ಬೆಂಕಿ ತಗುಲಿದರೆ ಆ ನಡುವಿನ ಹಲಗೆ ಕೆಲವೇ ನಿಮಿಷದ ಮಾತು. ನಡುವೆ ಹಲಗೆಯ ಬದಲು ತಗಡಿನ ಪಟ್ಟಿ ಇರುವ ಮೆಟಲ್ ವೆಬ್ ಜಾಯಿಸ್ಟ್‌ನಲ್ಲಿ ಮರಕ್ಕೆ ಕಚ್ಚಿಸಿದ ತಗಡಿನ ಹಲ್ಲುಗಳು ಬಿಸಿಗೆ ಸಡಿಲವಾಗುತ್ತವೆ. ಹಾಗಾಗಿ ಗಟ್ಟಿ ಮರದ ಜಂತೆಯಲ್ಲಿ ಪಾಸಾದ ಲೈಟು ಐ-ಜಾಯಿಸ್ಟ್‌ಗೂ ಸರಿ ಅಂತ ಹೇಳಲು ಬರುವುದಿಲ್ಲ. ನಿಮ್ಮ ಹಿಂದಿನ ಭಾಗ ಆಮೇಲೆ ಕಟ್ಟಿದ್ದು ಅಂದಿರಿ. ಅಲ್ಲೇ ನನಗೆ ಅನುಮಾನ. ಒಂದು ಸಣ್ಣ ತೂತು ಮಾಡಿ ಇಣುಕಿ ನೋಡಿ.

ಮಾರುವವರ ಹತ್ತಿರ "ಸರ್ಟಿಫಿಕೇಟ್ ಇದೆಯಾ" ಅಂತ ಕೇಳಬೇಡಿ, ಎಲ್ಲರೂ ಇದೆ ಅಂತಾರೆ. "ಪರೀಕ್ಷೆಯ ವರದಿ ಕೊಡಿ, ಯಾವ ಜಂತೆ, ಎಷ್ಟು ಅಂತರ, ಯಾವ ಬೋರ್ಡ್, ಎಷ್ಟು ಪದರ" ಅಂತ ಕೇಳಿ. ಬಿಎಸ್ 476 ಭಾಗ 21 (ಬ್ರಿಟಿಷ್ ಬೆಂಕಿ ಪರೀಕ್ಷೆ) ಅಥವಾ ಇಎನ್ 1365-2 (ಯುರೋಪಿನದು) ಅಂತ ಅದರಲ್ಲಿ ಬರೆದಿರಬೇಕು. ಜಂತೆ ಅಂತರ 600 ಮಿಮೀ ಇಟ್ಟು ಮಾಡಿದ ಪರೀಕ್ಷೆಯಾದರೆ ಒಳ್ಳೆಯದು, ಏಕೆಂದರೆ ಅಂತರ ಹತ್ತಿರವಾದಷ್ಟೂ ಸೀಲಿಂಗಿಗೆ ಸುಲಭ. 400ರಲ್ಲಿ ಪಾಸಾದದ್ದನ್ನು ತಂದು 600ರ ಸೀಲಿಂಗಿಗೆ ಹಾಕಬೇಡಿ. ಬರೀ ಸಿಇ ಗುರುತು (ಯುರೋಪಿನಲ್ಲಿ ಮಾರಲು ತಯಾರಕರು ಹಾಕುವ ಗುರುತು) ತೋರಿಸಿ "ನೋಡಿ ಇದೇ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಮಧ್ಯಾಹ್ನದ_ನಿದ್ದೆ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಆರ್‌ಸಿಸಿ ಸ್ಲ್ಯಾಬ್. ಅದರ ಕೆಳಗೆ ಒಂದು ಗೇಣು ಬಿಟ್ಟು ಫಾಲ್ಸ್ ಸೀಲಿಂಗ್. ಇದನ್ನೆಲ್ಲ ಓದಿ ಹೆದರಿಕೆ ಆಯ್ತು. ನಾನೂ ಎಲ್ಲಾ ಲೈಟ್ ಬದಲಾಯಿಸಬೇಕಾ?

ತಂತಿಮಾವ:

ಹೆದರಬೇಡಿ. ನಿಮ್ಮಲ್ಲಿ ಬೆಂಕಿ ತಡೆಯುವುದು ಸ್ಲ್ಯಾಬ್, ಫಾಲ್ಸ್ ಸೀಲಿಂಗ್ ಅಲ್ಲ. ನೀವು ತೂತು ಮಾಡಿದ್ದು ಬರೀ ಅಲಂಕಾರಕ್ಕೆ. ಸಾಮಾನ್ಯವಾಗಿ ಅಲ್ಲಿ ಫೈರ್ ರೇಟೆಡ್ ಬೇಕಿಲ್ಲ. ನೀವು ನೋಡಬೇಕಾದ್ದು ಬೇರೆ: ಸ್ಲ್ಯಾಬಿನಲ್ಲೇ ಪೈಪಿಗೆ, ಕೇಬಲ್ಲಿಗೆ ಅಂತ ಆರಪಾರು ಕೊರೆದು ಹಾಗೇ ಬಿಟ್ಟ ತೂತುಗಳಿವೆಯಾ ಅಂತ. ಫಾಲ್ಸ್ ಸೀಲಿಂಗ್ ಹಾಕಿದ ಮೇಲೆ ಅವು ಯಾರ ಕಣ್ಣಿಗೂ ಬೀಳಲ್ಲ. ಅವನ್ನು ಬೆಂಕಿ ತಡೆಯುವ ಸೀಲಂಟ್ ಹಾಕಿ ಮುಚ್ಚಿಸಿ.

ಇದೇ ತರ್ಕ ಜಂತೆಮನೆಯವರ ಮೇಲಿನ ಕೋಣೆಗೂ. ಅದರ ಮೇಲೆ ಬರೀ ಅಟ್ಟ, ಮತ್ತೆ ಸೂರು. ಅಲ್ಲಿ ಯಾರೂ ಮಲಗುವುದಿಲ್ಲ, ಬೇರೆಯವರ ಮನೆಯೂ ಇಲ್ಲ ಅಂದರೆ ಆ ಸೀಲಿಂಗಿಗೆ ಬೆಂಕಿ ತಡೆಯುವ ಹೊಣೆ ಸಾಮಾನ್ಯವಾಗಿ ಇರುವುದಿಲ್ಲ. ಅಟ್ಟವನ್ನು ಪಕ್ಕದ ಮನೆಯೊಂದಿಗೆ ಹಂಚಿಕೊಂಡಿದ್ದರೆ, ಇಲ್ಲಾ ಅಟ್ಟದಲ್ಲಿ ಕೋಣೆ ಮಾಡಿದ್ದರೆ ಮಾತು ಬೇರೆ. ಕೊನೆಗೆ ನಿಮ್ಮ ಊರಿನ ಕಟ್ಟಡ ನಿಯಮ ಏನು ಹೇಳುತ್ತದೋ ಅದೇ ಅಂತಿಮ, ನನ್ನ ಮಾತಲ್ಲ.

ಅಟ್ಟದಲ್ಲಿ ಗ್ಲಾಸ್ ವುಲ್ ಹಾಸಿದ್ದೀರಾ? ಹಾಸಿದ್ದರೆ ಅಲ್ಲಿಗೆ ಫೈರ್ ರೇಟಿಂಗ್‌ಗಿಂತ ಮುಖ್ಯವಾದದ್ದು, ಲೈಟಿನ ಮೇಲೆ ಇನ್ಸುಲೇಷನ್ ಹೊದಿಸಬಹುದಾ ಅನ್ನುವುದು. ಇವೆರಡು ಬೇರೆ ಬೇರೆ ಗುಣ. ಫೈರ್ ರೇಟೆಡ್ ಅಂದ ಮಾತ್ರಕ್ಕೆ ಮೇಲೆ ಹೊದಿಕೆ ಹಾಕಬಹುದು ಅಂತ ಅಲ್ಲ. ಲೈಟಿನ ಮೇಲೆ ಹೊದಿಕೆಯ ಚಿತ್ರಕ್ಕೆ ಕಾಟು ಹೊಡೆದ ಗುರುತು ಇದ್ದರೆ ಹೊದಿಸಲೇಬಾರದು.

ಪಟಪಟ_ಪಟಾಕಿ:

ಎಲ್‌ಇಡಿ ಬೆಚ್ಚಗಿರುತ್ತೆ ಅಷ್ಟೇ ಅಂತ ಮೇಲೆ ಬರೆದಿದ್ದಾರಲ್ಲ, ಅದರ ಬಗ್ಗೆ ನನ್ನ ಕಥೆ. ಮೊದಲ ಮನೆಯಲ್ಲಿ 50 ವ್ಯಾಟ್ ಹ್ಯಾಲೊಜೆನ್ ಇದ್ದವು, ಸೀಲಿಂಗ್ ಬಣ್ಣವೇ ಸುತ್ತ ಕಂದಿತ್ತು. ಅವನ್ನು ತೆಗೆದು 6 ವ್ಯಾಟಿನ ಎಲ್‌ಇಡಿ ಹಾಕಿಸಿ, ಇನ್ನು ಚಿಂತೆ ಇಲ್ಲ ಅಂತ ಮೇಲೆ ದಪ್ಪಗೆ ಗ್ಲಾಸ್ ವುಲ್ ಎಳೆದುಬಿಟ್ಟೆ. ಎರಡು ವರ್ಷದಲ್ಲಿ ಒಂದೊಂದಾಗಿ ಮಿಣುಕಲು ಶುರು. ಬೆಂಕಿ ಬೀಳಲಿಲ್ಲ, ಲೈಟಿಗೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಬೆಂದು ಹೋಗಿತ್ತು. ಒಳಗಿನ ಕೆಪಾಸಿಟರ್ ಇದೆಯಲ್ಲ, ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ ಅಂತ ಒಂದು ಲೆಕ್ಕಾಚಾರ. ಹೊದಿಸಬಹುದು ಅಂತ ಬರೆದಿರುವ ಲೈಟನ್ನೇ ತಗೊಳ್ಳಿ. ಹಾಗೆ ಬರೆದಿದ್ದರೂ ನಾನಂತೂ ಡ್ರೈವರನ್ನು ಹೊದಿಕೆಯ ಹೊರಗೆ ಇಡಲು ಬಂದರೆ ಇಡ್ತೀನಿ.

ಇನ್ನೊಂದು. ಲೈಟೂ ಬಲ್ಬೂ ಒಂದೇ ಆಗಿರುವ ಮಾದರಿ ಕೆಟ್ಟರೆ ಇಡೀ ಲೈಟ್ ಬಿಚ್ಚಬೇಕು. ಐದು ವರ್ಷದ ನಂತರ ಅದೇ ಅಳತೆಯ ತೂತಿಗೆ ಹೊಂದುವ, ಅದೇ ಸೀಲಿಂಗಿಗೆ ಪರೀಕ್ಷೆಯಾದ ಲೈಟ್ ಸಿಗಬೇಕಲ್ಲ? ಜಿಯು10 ಬಲ್ಬ್ (ಎರಡು ಕಾಲಿನ, ತಿರುಗಿಸಿ ಹಾಕುವ ಬಲ್ಬ್) ಹಾಕುವ ಸ್ಟೀಲ್ ಡಬ್ಬಿ ಮಾದರಿಯಾದರೆ ಬಲ್ಬ್ ತಿರುಗಿಸಿ ತೆಗೆದು ಹೊಸದು ಹಾಕಿದರಾಯ್ತು. ನನ್ನ ಓಟು ಅದಕ್ಕೇ. ಹೊದಿಕೆ ಕೆಳಗಾದರೆ ಆ ಡಬ್ಬಿಗೂ ಮೇಲಿನ ಮಾತೇ ಅನ್ವಯ.

ಅರ್ಧಇಂಜಿನಿಯರ್:

ಒಪ್ಪಲ್ಲ ಗುರುವೇ, ಪೂರ್ತಿ ಒಪ್ಪಲ್ಲ. ಜಿಯು10 ಡಬ್ಬಿ ಎತ್ತರ ಜಾಸ್ತಿ. ಜಂತೆ ನಡುವೆ ಪೈಪು ಗೀಪು ಹೋಗಿದ್ದರೆ ಕೂರುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಎಲ್‌ಇಡಿ ಬಲ್ಬ್ ಕೂಡ ಬೇಯುತ್ತದೆ. ಒಂದೇ ಮಾದರಿಯ ಎರಡು ಮೂರು ಲೈಟ್ ಜಾಸ್ತಿ ಕೊಂಡು ಎತ್ತಿಡಿ, ಆ ತಲೆನೋವೂ ಹೋಗುತ್ತದೆ.

ಚಾವಣಿಗೆ_ಶತ್ರು:

ಯಾರೂ ಕೇಳದ ಪ್ರಶ್ನೆ ನಾನು ಕೇಳ್ತೀನಿ. 22 ಯಾಕೆ? ತೂತು ಮಾಡಿ ಆಮೇಲೆ ತೂತು ಮುಚ್ಚುವ ಲೈಟ್ ಹುಡುಕುವ ಬದಲು, ತೂತೇ ಮಾಡದಿದ್ದರೆ? ಸೀಲಿಂಗ್ ಮೇಲೆ ಅಂಟಿ ಕೂರುವ ಸರ್ಫೇಸ್ ಲೈಟ್ ಈಗ ಒಂದು ಇಂಚಿಗಿಂತ ತೆಳುವಾಗಿ ಬರುತ್ತವೆ. ತಂತಿಗೆ ಒಂದು ಸಣ್ಣ ತೂತು, ಅದಕ್ಕೆ ಒಂಚೂರು ಸೀಲಂಟ್, ಮುಗೀತು. ಮಹಡಿ ಮೇಲಿನ ಹೆಜ್ಜೆ ಸದ್ದೂ ಕೆಳಗೆ ಅಷ್ಟಾಗಿ ಇಳಿಯುವುದಿಲ್ಲ. ಎಲ್ಲಾ ಮನೆಯೂ ಹೋಟೆಲ್ ಲಾಬಿ ಥರ ಚುಕ್ಕಿ ಚುಕ್ಕಿ ಆಗಬೇಕಾ?

ಹಾಲ್‌ಗೆ 8 ಅಂದರೆ ಅದು ಸೀಲಿಂಗ್ ನೋಡಿ ಹಾಕಿದ ಲೆಕ್ಕ, ಬೆಳಕು ನೋಡಿ ಹಾಕಿದ್ದಲ್ಲ. ನಿಮ್ಮ ಸೀಲಿಂಗ್ 2.4 ಮೀಟರ್ ಎತ್ತರ, ಮೇಜು 75 ಸೆಂಟಿಮೀಟರ್ ಅಂತ ಹಿಡಿಯಿರಿ. 38 ಡಿಗ್ರಿ ಹರಡುವ ಲೈಟು ಮೇಜಿನ ಮೇಲೆ 1.1 ಮೀಟರ್ ಅಗಲದ ವೃತ್ತ ಕೊಡುತ್ತದೆ, 60 ಡಿಗ್ರಿಯದು 1.9 ಮೀಟರ್. ಅಂದರೆ ಅಗಲ ಹರಡುವ ಲೈಟ್ ತಗೊಂಡರೆ 8 ಇರುವ ಕಡೆ 5 ಸಾಕಾಗಬಹುದು. ಮೂರು ತೂತು ಉಳಿಯಿತಲ್ವಾ. ಅಡುಗೆಮನೆಯಲ್ಲಿ ಲೈಟನ್ನು ನಡುವೆ ಹಾಕಬೇಡಿ, ಕಟ್ಟೆಯ ಅಂಚಿನ ನೇರಕ್ಕೆ ಹಾಕಿ, ಇಲ್ಲದಿದ್ದರೆ ನಿಮ್ಮ ನೆರಳಲ್ಲೇ ನೀವು ತರಕಾರಿ ಹೆಚ್ಚಬೇಕು.

ಜಂತೆಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಣುಕಿ ನೋಡಿದೆ. ಹಾಲ್ ಮೇಲೆ ಗಟ್ಟಿ ಮರದ ಜಂತೆ, 400 ಮಿಮೀಗೆ ಒಂದರಂತೆ. ಬೋರ್ಡ್ ಒಂದೇ ಪದರ, 12.5 ಮಿಮೀ. ಅಡುಗೆಮನೆ ಮೇಲೆ ಅರ್ಧಇಂಜಿನಿಯರ್ ಸರ್ ಅನುಮಾನ ಪಟ್ಟ ಹಾಗೆಯೇ ಐ-ಜಾಯಿಸ್ಟ್! ನಡುವಿನ ಹಲಗೆ ನೋಡಿದರೆ ಪೆಟ್ಟಿಗೆಯ ಹಲಗೆ ಥರ ಇದೆ. ಅಲ್ಲಿ ಬೋರ್ಡ್ 15 ಮಿಮೀ. ಇದರ ಜೊತೆ ಒಂದು ಹೊಸ ತಲೆನೋವು: ಅಡುಗೆಮನೆಯಲ್ಲಿ ಯಾರೋ ಮೊದಲೇ ಎರಡು ಮಾಮೂಲಿ ಡೌನ್‌ಲೈಟ್ ಹಾಕಿ, ಆಮೇಲೆ ತೆಗೆದು, ತೂತಿನ ಮೇಲೆ ಬರೀ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಬಣ್ಣ ಬಳಿದಿದ್ದಾರೆ. ತೂತು ಸುಮಾರು 95 ಮಿಮೀ. ನಾನು ನೋಡಿರುವ ಹೊಸ ಲೈಟಿಗೆ 70 ಬೇಕು. ಅಗಲದ ರಿಂಗ್ ಹಾಕಿ ಮುಚ್ಚಬಹುದಾ? ಇಲ್ಲಾ ಮೇಲೆ ಟೋಪಿ ಥರ ಒಂದು ಫೈರ್ ಹುಡ್ ಬರುತ್ತಂತಲ್ಲ, ಅದು?

ತಂತಿಮಾವ:

ರಿಂಗ್ ಬೇಡ. ರಿಂಗ್ ಮುಚ್ಚುವುದು ಕಣ್ಣನ್ನ, ಬೆಂಕಿಯನ್ನಲ್ಲ. ಪಟ್ಟಿ ಉಬ್ಬುವುದು ತಾನಿರುವ ಅಳತೆಯ ತೂತಿಗೆ ತಕ್ಕಷ್ಟು, 25 ಮಿಮೀ ಜಾಸ್ತಿ ಸಂದಿ ಬಿಟ್ಟರೆ ಅದಕ್ಕೆ ಎಟುಕುವುದಿಲ್ಲ. ಆ ಎರಡು ತೂತಿನ ಸುತ್ತ ಬೋರ್ಡನ್ನು ಜಂತೆಯಿಂದ ಜಂತೆಗೆ ಚೌಕವಾಗಿ ಕತ್ತರಿಸಿ, ಅದೇ ದಪ್ಪದ ಅದೇ ಬಗೆಯ ಬೋರ್ಡ್ ತುಂಡು ಹಾಕಿ, ನಾಲ್ಕೂ ಕಡೆ ಹಿಂದೆ ಮರದ ಆಸರೆ ಕೊಟ್ಟು ಸ್ಕ್ರೂ ಹೊಡೆಸಿ, ಸಂದಿ ತುಂಬಿಸಿ. ಅರ್ಧ ದಿನದ ಕೆಲಸ.

ಹುಡ್ ಕೆಟ್ಟದ್ದಲ್ಲ. ಈಗಾಗಲೇ ಚಂದದ ಲೈಟ್ ಹಾಕಿಬಿಟ್ಟಿದ್ದೀರಿ, ತೆಗೆಯಲು ಮನಸ್ಸಿಲ್ಲ ಅಂದಾಗ ಅದು ದಾರಿ. ಮಡಚಿ ತೂತಿನೊಳಗಿಂದ ಮೇಲೆ ತೂರಿಸಿ ಬಿಡಿಸಬೇಕು. ಆದರೆ ಯಾವತ್ತಾದರೂ ತಂತಿ ಎಳೆಯುವಾಗ ಅದು ಪಕ್ಕಕ್ಕೆ ವಾಲಿದರೆ ಕೆಳಗಿನಿಂದ ಯಾರಿಗೂ ಗೊತ್ತಾಗಲ್ಲ. ಹೊಸದಾಗಿ ಹಾಕುವಾಗ ಲೈಟೇ ರೇಟೆಡ್ ಇರಲಿ.

ಹಾಲ್‌ಗೆ ಒಂದೇ ಪದರ 12.5ರಲ್ಲಿ, ಗಟ್ಟಿ ಮರದ ಜಂತೆಯಲ್ಲಿ 30 ನಿಮಿಷ ಪಾಸಾದದ್ದು ಹುಡುಕಿ. ಅಡುಗೆಮನೆಗೆ ಐ-ಜಾಯಿಸ್ಟ್ ಅಂತ ವರದಿಯಲ್ಲಿ ಅಕ್ಷರದಲ್ಲಿ ಬರೆದಿರಲೇಬೇಕು, "ಎಲ್ಲಾ ಸೀಲಿಂಗಿಗೂ ಸೂಕ್ತ" ಅನ್ನುವ ಮಾತು ಸಾಲದು. ಎರಡಕ್ಕೂ ಒಂದೇ ಮಾದರಿ ಸಿಕ್ಕರೆ ಸರಿ, ಸಿಗದಿದ್ದರೆ ಅಡುಗೆಮನೆಗೆ ಚಾವಣಿಗೆ_ಶತ್ರು ಅವರ ಮಾತೇ ಕೇಳಿ, ಸರ್ಫೇಸ್ ಲೈಟ್ ಹಾಕಿ. ನಗಬೇಡಿ, ನಿಜವಾಗಿ ಹೇಳ್ತಿದ್ದೀನಿ. ಮತ್ತೆ ವರದಿಯ ಜೊತೆ ಬರುವ ಕೂರಿಸುವ ಸೂಚನೆಯಲ್ಲಿ ಲೈಟಿನಿಂದ ಲೈಟಿಗೆ ಎಷ್ಟು ದೂರ, ಜಂತೆಯಿಂದ ಎಷ್ಟು ದೂರ, ಮೇಲೆ ಎಷ್ಟು ಜಾಗ ಬಿಡಬೇಕು ಅಂತ ಇರುತ್ತದೆ, ಅದನ್ನು ನಿಮ್ಮ ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟು ಓದಿಸಿ. ಹೋಲ್ ಸಾ (ದುಂಡಗೆ ತೂತು ಕೊರೆಯುವ ಗರಗಸ) ಅಳತೆ ಸರಿಯಾಗಿ 70 ಇರಲಿ, "ಹತ್ತಿರದ್ದು ಇದೆ ಬಿಡಿ" ಅಂದರೆ ಬಿಡಬೇಡಿ.

ಪಟಪಟ_ಪಟಾಕಿ:

ಬಾತ್‌ರೂಮ್ ಮರೆತೇಬಿಟ್ಟರಲ್ಲ ಎಲ್ಲರೂ. ಶವರ್ ಮೇಲೆ 2.25 ಮೀಟರ್ ಎತ್ತರದವರೆಗೆ ಕನಿಷ್ಠ ಐಪಿಎಕ್ಸ್4 (ಸಿಡಿಯುವ ನೀರು ತಡೆಯುವ ದರ್ಜೆ) ಬೇಕು, ಐಪಿ65 (ಧೂಳು, ಚಿಮ್ಮುವ ನೀರು ಎರಡನ್ನೂ ತಡೆಯುವ ದರ್ಜೆ) ತಗೊಂಡರೆ ಯೋಚನೆಯೇ ಇಲ್ಲ. ಆದರೆ ಆ 65 ಬಹಳ ಲೈಟುಗಳಲ್ಲಿ ಕೆಳಗಿನ ಮುಖಕ್ಕೆ ಮಾತ್ರ. ಮೇಲಿನಿಂದ ನೀರು ಸೋರಿದರೆ ಅದು ಕಾಪಾಡಲ್ಲ. ರಬ್ಬರ್ ವಾಷರ್ ಸೀಲಿಂಗಿಗೆ ಸರಿಯಾಗಿ ಒತ್ತಿ ಕೂತಿದೆಯಾ ನೋಡಿ, ಇಲ್ಲದಿದ್ದರೆ ಹಬೆ ಎಲ್ಲಾ ಜಂತೆಗೆ.

ಡಿಮ್ಮರ್ ಇಡುವವರಾದರೆ ಎಲ್‌ಇಡಿಗೆ ಅಂತ ಬರುವ ಟ್ರೇಲಿಂಗ್ ಎಡ್ಜ್ ಬಗೆಯ ಡಿಮ್ಮರ್ ತಗೊಳ್ಳಿ. ಹಳೆಯ 400 ವ್ಯಾಟ್ ಡಿಮ್ಮರನ್ನು ಎಲ್‌ಇಡಿಗೆ 40 ವ್ಯಾಟ್ ಅಂತ ಹಿಡಿಯುವುದು ರೂಢಿ. 8 ಲೈಟ್ ಆರಾರು ವ್ಯಾಟ್ ಅಂದರೆ 48, ಅಲ್ಲೇ ಮೀರಿತು.

ಜಂತೆಮನೆ:

ಲೆಕ್ಕ ಬದಲಾಯಿತು. ಹಾಲ್‌ಗೆ 5, 60 ಡಿಗ್ರಿಯವು, 30 ನಿಮಿಷ, ವರದಿ ಕೈಗೆ ಬಂದಿದೆ, ಬೋರ್ಡ್ ದಪ್ಪ ತಾಳೆಯಾಗುತ್ತದೆ, ಪರೀಕ್ಷೆಯಲ್ಲಿ ಜಂತೆ ಅಂತರ 600 ಇತ್ತು. ಬಾತ್‌ರೂಮಿಗೆ ಅದೇ ಮಾದರಿಯ ಐಪಿ65. ಮೇಲಿನ ಕೋಣೆಗೆ 4, ಇನ್ಸುಲೇಷನ್ ಹೊದಿಸಬಹುದಾದ ಮಾಮೂಲಿ ಲೈಟ್. ಅಡುಗೆಮನೆಗೆ ಐ-ಜಾಯಿಸ್ಟ್ ವರದಿ ಕೇಳಿದೆ, ಮೂರು ಕಡೆ "ಕಳಿಸ್ತೀವಿ" ಅಂದವರು ಕಳಿಸಲೇ ಇಲ್ಲ. ಹಾಗಾಗಿ ಅಲ್ಲಿ ತೂತು ಮುಚ್ಚಿಸಿ ಸರ್ಫೇಸ್ ಲೈಟ್ 3. ಮನೆಯವರು ಡಿಸೈನ್ ನೋಡಿ ಮೂಗು ಮುರಿದರು, ಐ-ಜಾಯಿಸ್ಟ್ ಫೋಟೋ ತೋರಿಸಿದ ಮೇಲೆ ಸುಮ್ಮನಾದರು.

ಚಾವಣಿಗೆ_ಶತ್ರು:

ನನ್ನ ಜೀವನದಲ್ಲಿ ಇದೇ ಮೊದಲ ಗೆಲುವು. ಬೋರ್ಡ್ ಮುಚ್ಚುವ ಮುಂಚೆ ಜಂತೆಗಳ ಫೋಟೋವನ್ನ ಅಳತೆ ಟೇಪು ಹಿಡಿದು ತೆಗೆದಿಡಿ. ಮತ್ತೆ ಹೊಗೆ ಅಲಾರಂ ಇದೆ ತಾನೆ?

ಜಂತೆಮನೆ:

ಮೆಟ್ಟಿಲ ಹತ್ತಿರ ಒಂದಿದೆ, ಬ್ಯಾಟರಿ ಸತ್ತಿದೆ. ಇವತ್ತೇ ಹಾಕ್ತೀನಿ.